ಸ್ಪಷ್ಟನೆ: ‘ಇನ್’, ‘ಆನ್’ ನಿರ್ಧರಿಸುವುದು ವಾಹನದ ಗಾತ್ರವಲ್ಲ

‘ಇಂಗ್ಲಿಷಿನಲ್ಲಿ ದೊಡ್ಡ ವಾಹನಕ್ಕೆ ಆನ್, ಚಿಕ್ಕದಕ್ಕೆ ಇನ್’ ಎಂಬ ಸೂತ್ರವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ನೆನಪಿಡಲು ಸುಲಭ, ನಂಬಿದರೆ ಕಷ್ಟ. ಸೈಕಲ್ ಕಾರಿಗಿಂತ ಎಷ್ಟೋ ಚಿಕ್ಕದು. ಆದರೂ ಅದಕ್ಕೆ ‘ಆನ್’. ಹತ್ತು ಚಕ್ರದ ಲಾರಿಯ ಚಾಲಕ ಕುಳಿತಿರುವುದು ಮಾತ್ರ ‘ಇನ್’.

ನೋಡಬೇಕಾದದ್ದು ಪ್ರಯಾಣಿಕ ಅಲ್ಲಿ ಹೇಗಿರುತ್ತಾನೆ ಎಂಬುದನ್ನು. ಬಸ್ಸು, ರೈಲು, ವಿಮಾನ, ಹಡಗುಗಳಲ್ಲಿ ಎದ್ದು ನಿಂತು ನಾಲ್ಕು ಹೆಜ್ಜೆ ಓಡಾಡಬಹುದು, ಅಲ್ಲಿ ‘ಆನ್’. ಕಾರಿನೊಳಗೆ ತಲೆ ತಗ್ಗಿಸಿ, ಮೈ ಮುದುಡಿ ನುಸುಳಬೇಕು, ಅಲ್ಲಿ ‘ಇನ್’. ಕುದುರೆ, ಬೈಕುಗಳ ಬೆನ್ನೇರಿ ಕೂರುವುದರಿಂದ ಮತ್ತೆ ‘ಆನ್’. ಹತ್ತಿ ಇಳಿಯುವುದೂ ಇದೇ ಜಾಡಿನಲ್ಲಿ: ಬಸ್ಸಿಗೆ ‘ಗೆಟ್ ಆನ್’, ‘ಗೆಟ್ ಆಫ್’; ಕಾರಿಗೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’.

ಹಾಗೆಂದು ಬಸ್ಸಿಗೆ ‘ಇನ್’ ನಿಷಿದ್ಧವೇನಲ್ಲ. ಒಳಗೆಲ್ಲ ಹೊಗೆ ತುಂಬಿದೆ ಎನ್ನುವಾಗ, ಅಂದರೆ ಒಳಭಾಗವನ್ನೇ ಒತ್ತಿ ಹೇಳುವಾಗ, ಅದು ಸರಿಯಾದ ಪ್ರಯೋಗವೇ. ಅದಕ್ಕೂ ಕೆಂಪು ಶಾಯಿ ಎಳೆಯುವ ಮೇಷ್ಟರುಗಳಿದ್ದಾರೆ, ಅದು ಅತಿಯಾಯಿತು. ಯಾವುದರಲ್ಲಿ ಬಂದಿರಿ ಎಂದಷ್ಟೇ ಕೇಳಿದರೆ ಈ ಎರಡರ ಗೋಜೂ ಬೇಡ, ‘ಬೈ ಬಸ್’, ‘ಬೈ ಕಾರ್’ ಸಾಕು. ನಡೆದು ಬಂದವರು ಮಾತ್ರ ‘ಆನ್ ಫುಟ್’ ಎನ್ನಬೇಕು.