‘ಕೆಮಿಕಲ್ ಇಲ್ಲ’ ಅನ್ನೋ ಬೋರ್ಡ್ ತೆಗೆದುಬಿಟ್ಟೆ

ಸಂತೆಯಲ್ಲಿ ನನ್ನ ಮೇಜಿನ ಮುಂದೆ ಒಂದು ಬೋರ್ಡ್ ಇತ್ತು: ‘ಕೆಮಿಕಲ್ ಇಲ್ಲದ ಸೋಪು, ಶುದ್ಧ ಜೇನು’. ನಾನೇ ಬರೆದದ್ದು. ಹೋದ ವಾರ ಅದನ್ನು ತೆಗೆದೆ. ಪಕ್ಕದ ಮೇಜಿನವರು ‘ಯಾಕೆ, ವ್ಯಾಪಾರ ಬೇಡವಾ?’ ಅಂದರು.

ಬೇಕು. ಆದರೆ ಬೋರ್ಡ್ ಸುಳ್ಳು ಹೇಳುತ್ತಿತ್ತಲ್ಲ. ಎಣ್ಣೆ ಗಟ್ಟಿ ಸೋಪಾಗಬೇಕಾದರೆ ಕಾಸ್ಟಿಕ್ ಸೋಡಾ ಬೇಕೇ ಬೇಕು. ಅದನ್ನು ನೀರಿಗೆ ಹಾಕಿದ ಕೂಡಲೇ ಪಾತ್ರೆ ಸುಡತೊಡಗುತ್ತದೆ, ಮೂಗಿಗೆ ಘಾಟು ಹೊಡೆಯುತ್ತದೆ. ಕೈಗವಸು, ಕನ್ನಡಕ ಇಲ್ಲದೆ ನಾನು ಆ ಡಬ್ಬಿಯ ಮುಚ್ಚಳವನ್ನೂ ತೆರೆಯುವುದಿಲ್ಲ. ಅಳತೆ ಸರಿ ಇದ್ದರೆ ಸೋಡಾ ಪೂರ್ತಿ ಎಣ್ಣೆಯ ಜೊತೆ ಸೇರಿ ಸೋಪು, ಗ್ಲಿಸರಿನ್ ಆಗುತ್ತದೆ. ಭದ್ರತೆಗೆ ಅಂತ ನೂರಕ್ಕೆ 5 ಭಾಗ ಎಣ್ಣೆ ಜಾಸ್ತಿಯೇ ಇಡುತ್ತೇನೆ. ಆಮೇಲೆ 4ರಿಂದ 6 ವಾರ ಗಾಳಿಗಿಟ್ಟು ಕಾಯಬೇಕು. ಇಷ್ಟನ್ನೂ ಹೇಳಿದರೆ ಕೆಲವರು ಬಾರ್ ಅನ್ನು ಮೆಲ್ಲಗೆ ವಾಪಸ್ ಇಟ್ಟು ಹೋಗುತ್ತಾರೆ. ಹೋಗಲಿ ಬಿಡಿ.

‘ಜೇನು ಹಾಕಿದ್ದೀರಲ್ಲ, ಚರ್ಮಕ್ಕೆ ಒಳ್ಳೇದಲ್ವಾ?’ ಅಂತಲೂ ಕೇಳುತ್ತಾರೆ. ಅರ್ಧ ನಿಮಿಷ ಮೈಮೇಲಿದ್ದು ಬಚ್ಚಲಿಗೆ ಹರಿದುಹೋಗುವ ಸೋಪು ಅದು. ನೊರೆ ಚೆನ್ನಾಗಿ ಬರುತ್ತದೆ, ಅಷ್ಟೇ ನಾನು ಹೇಳುವುದು. ಮೊದಲ ಸಲ ಆಸೆಗೆ ಬಿದ್ದು ಕೈತುಂಬ ಜೇನು ಸುರಿದಿದ್ದೆ. ಜೇನಿನ ಸಕ್ಕರೆಯಿಂದ ಮಿಶ್ರಣ ಕಾದು ಅಚ್ಚಿನಿಂದ ಉಕ್ಕಿ, ನೆಲಕ್ಕೆಲ್ಲ ಹರಿದು, ಉಳಿದದ್ದು ಕಂದುಬಣ್ಣಕ್ಕೆ ತಿರುಗಿತ್ತು. ಒಂದು ಜೇನುಹುಳ ಬದುಕಿಡೀ ದುಡಿದು ಮಾಡುವುದು ಟೀ ಚಮಚದ ಹನ್ನೆರಡರಲ್ಲಿ ಒಂದು ಪಾಲು ಜೇನು. ನೆಲ ಒರೆಸುವಾಗ ಬೇಡ ಅಂದರೂ ಆ ಲೆಕ್ಕವೇ ತಲೆಯಲ್ಲಿ. ಈಗ ಒಂದು ಕೆಜಿ ಎಣ್ಣೆಗೆ ಒಂದೇ ಚಮಚ.

ಜೇನಿನ ಕಥೆ ಇನ್ನೂ ಕಷ್ಟ. ಮೊನ್ನೆ ಒಬ್ಬರು ಬಾಟಲಿ ವಾಪಸ್ ತಂದರು. ತಳದಲ್ಲಿ ಬಿಳಿ ಹರಳು. ‘ಸಕ್ಕರೆ ಪಾಕ ಕೊಟ್ಟಿದ್ದೀರಿ’ ಅಂದರು, ನಾಲ್ಕು ಜನಕ್ಕೆ ಕೇಳುವ ಹಾಗೆ. ಗ್ಲೂಕೋಸ್ ಜಾಸ್ತಿ ಇರುವ ಜೇನು ಹರಳುಗಟ್ಟುವುದು ಸಹಜ. ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿಟ್ಟರೆ ಮತ್ತೆ ತಿಳಿಯಾಗುತ್ತದೆ, ಕುದಿಸಬಾರದು. ಅವರು ಕೇಳಲಿಲ್ಲ. ಲೋಟದ ನೀರಿಗೆ ಒಂದು ಹನಿ ಬಿಟ್ಟು ತೋರಿಸಿ ಅಂತ ಹಟ ಹಿಡಿದರು. ದಪ್ಪ ಸಕ್ಕರೆ ಪಾಕವೂ ಹಾಗೇ ತಳಕ್ಕಿಳಿಯುತ್ತದೆ ಸ್ವಾಮಿ, ಅದರಿಂದ ಏನು ಗೊತ್ತಾಗುತ್ತದೆ?

ಕೊನೆಗೆ ಜೇನಿನ ತೇವಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ತೆಗೆದೆ. ಗಾಜಿನ ಮೇಲೆ ಒಂದು ಹನಿ ಹಚ್ಚಿ, ಬೆಳಕಿನತ್ತ ಹಿಡಿದು ನೋಡಿ ಅಂದೆ. ನೀಲಿಯೂ ಬಿಳಿಯೂ ಸೇರುವ ಗೆರೆ 18ರ ಹತ್ತಿರ ನಿಂತಿತ್ತು. ತೇವಾಂಶ ನೂರಕ್ಕೆ 20 ದಾಟಿದರೆ ಜೇನು ಹುಳಿ ಬರುವ ಭಯ. ಅದಕ್ಕೇ, ತೇವ ಆರಿದ ಮೇಲೆ ಹುಳಗಳು ಮೇಣದಿಂದ ಮುಚ್ಚಿದ ಎರಿಯನ್ನಷ್ಟೇ ನಾನು ತೆಗೆಯುವುದು. ನಿಜ ಹೇಳಬೇಕೆಂದರೆ ಈ ಯಂತ್ರವೂ ಕಲಬೆರಕೆ ಹಿಡಿಯುವುದಿಲ್ಲ, ಅದಕ್ಕೆ ಲ್ಯಾಬೇ ಬೇಕು. ಅದನ್ನೂ ಹೇಳಿದೆ. ಅವರು ಎರಡು ಸಲ ಇಣುಕಿ ನೋಡಿ, ದುಡ್ಡು ವಾಪಸ್ ತೆಗೆದುಕೊಂಡೇ ಹೋದರು.

ಇನ್ನೊಬ್ಬರು ಆರು ತಿಂಗಳ ಮಗುವಿಗೆ ಅಂತ ಕೇಳಿದರು. ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ, ಬಾಟುಲಿಸಂ ಅನ್ನೋ ವಿಷಬಾಧೆಯ ಅಪಾಯವಿದೆ ಅಂದೆ. ಆ ವ್ಯಾಪಾರವೂ ಹೋಯಿತು.

ಹಳೇ ಬೋರ್ಡ್ ಬಿಸಾಡಿಲ್ಲ. ಹಿಂಬದಿಯಲ್ಲಿ ‘ಈ ಜೇನು ಹರಳುಗಟ್ಟುತ್ತದೆ’ ಅಂತ ಬರೆದು ನಿಲ್ಲಿಸಿದ್ದೇನೆ. ಜನ ಓದುತ್ತಾರೆ, ನಗುತ್ತಾರೆ, ಕೆಲವರು ಯಾಕೆ ಅಂತ ಕೇಳುತ್ತಾರೆ.