ಅಗೆದಾಗ ಸಿಕ್ಕಿದ್ದು ಕರಣೆ

ನಿನ್ನೆ ರಾತ್ರಿ ಅಣ್ಣನ ಮಗ ಮೊಬೈಲ್‌ನಲ್ಲಿ ಒಂದು ವಿಡಿಯೋ ತೋರಿಸಿದ. ಟೆಂಪ್ಲರ್‌ಗಳ, ಅಂದರೆ ಕ್ರುಸೇಡ್ ಯುದ್ಧಗಳ ಕಾಲದ ಕ್ರೈಸ್ತ ಯೋಧ ಸನ್ಯಾಸಿಗಳ, ಗುಪ್ತ ನಿಧಿ ಎಲ್ಲಿದೆ ಅಂತ ಇಪ್ಪತ್ತು ನಿಮಿಷ. ಅರ್ಧಕ್ಕೇ ಎದ್ದುಬಿಟ್ಟೆ. ಕೋಪ ಇನ್ನೂ ಇಳಿದಿಲ್ಲ.

ಆ ಯೋಧ ಸನ್ಯಾಸಿಗಳ ಮಾತೆತ್ತಿದರೆ ಸಾಕು, ನಿಧಿ. ಅವರ ಕೋಟೆಗೆ ಕಲ್ಲು ಹೊತ್ತವರು, ಸುಣ್ಣ ಕಲಸಿದವರು ಯಾರಿಗೂ ಬೇಡ.

ಇಸ್ರೇಲಿನ ಗಲಿಲಾಯ ಸರೋವರದ ಉತ್ತರಕ್ಕೆ, ಜೋರ್ಡಾನ್ ಹೊಳೆಯ ದಂಡೆಯಲ್ಲಿ ಒಂದು ಪಾಳುಕೋಟೆ ಇದೆ. ಡಮಾಸ್ಕಸ್ ದಾರಿ ಅಲ್ಲೇ ಹೊಳೆ ದಾಟುತ್ತಿತ್ತು. ಬೈಬಲ್‌ನ ಯಾಕೋಬ ದಾಟಿದ ಜಾಗ ಅಂತ ಹೆಸರು. 1178ರ ಅಕ್ಟೋಬರ್‌ನಲ್ಲಿ ಜೆರುಸಲೇಮಿನ ರಾಜ ನಾಲ್ಕನೇ ಬಾಲ್ಡ್ವಿನ್ ಕೆಲಸ ಶುರು ಮಾಡಿಸಿದ. ಕುಷ್ಠರೋಗ ಹತ್ತಿದ್ದ, ಹದಿನೇಳರ ಹುಡುಗ. ಕೋಟೆ ಟೆಂಪ್ಲರ್‌ಗಳಿಗೆ. ನಿಲ್ಲಿಸಿದರೆ 60,000 ದಿನಾರ್, ಅಂದರೆ ಚಿನ್ನದ ನಾಣ್ಯ, ಕೊಡ್ತೀನಿ ಅಂದ ಈಜಿಪ್ಟ್, ಡಮಾಸ್ಕಸ್ ಆಳುತ್ತಿದ್ದ ಸುಲ್ತಾನ ಸಲಾದೀನ್. ಆಮೇಲೆ 1,00,000ಕ್ಕೆ ಏರಿಸಿದ. ಬಾಲ್ಡ್ವಿನ್ ಒಪ್ಪಲಿಲ್ಲ. ಚಿನ್ನದ ಕತೆಯೇ ಬೇಕಿದ್ದರೆ ಇದನ್ನು ಹೇಳಿ!

1179ರ ಆಗಸ್ಟ್ ಕೊನೆಗೆ ಸಲಾದೀನ್ ಮುತ್ತಿಗೆ ಹಾಕಿದ. ಕೋಟೆ ಇನ್ನೂ ಪೂರ್ತಿ ಆಗಿರಲಿಲ್ಲ. ಗೋಡೆಯಡಿ ಸುರಂಗ ತೋಡಿ, ಮರದ ಆಸರೆಗೆ ಬೆಂಕಿ ಇಟ್ಟರು. ಗೋಡೆ ಬೀಳಲಿಲ್ಲ. ಒಂದು ತೊಗಲು ಚೀಲ ನೀರು ತಂದವರಿಗೆ ಒಂದು ದಿನಾರ್ ಅಂತ ಕೊಟ್ಟು ಬೆಂಕಿ ಆರಿಸಿ, ಸುರಂಗ ಅಗಲ ಮಾಡಿ ಮತ್ತೆ ಹಚ್ಚಿದರು. ಬಿತ್ತು. ಸರೋವರದ ದಂಡೆಯ ತಿಬೇರಿಯ ಊರಿಂದ ನೆರವಿಗೆ ಹೊರಟ ರಾಜ ಬಾಲ್ಡ್ವಿನ್‌ಗೆ ಹೊಗೆ ಮಾತ್ರ ಕಂಡಿತು. ಸುಮಾರು 700 ಜನ ಸತ್ತರು. 800 ಜನ ಸೆರೆ.

1990ರ ದಶಕದಲ್ಲಿ ಇಸ್ರೇಲಿ ಸಂಶೋಧಕ ರೋನಿ ಎಲ್ಲೆನ್‌ಬ್ಲಮ್ ಅವರ ತಂಡ ಅಲ್ಲಿ ಅಗೆದಾಗ ಸಿಕ್ಕಿದ್ದೇನು? ಬಾಣದ ಮೊನೆಗಳು, ಕತ್ತಿಯೇಟು ಬಿದ್ದ ಎಲುಬುಗಳು, ಗುದ್ದಲಿ, ಕರಣೆ. ನಮ್ಮಪ್ಪ ಗಾರೆ ಕೆಲಸ ಮಾಡಿದವರು. ಕರಣೆ ತೊಳೆದಿಡದೆ ಊಟಕ್ಕೆ ಕೂರುತ್ತಿರಲಿಲ್ಲ. ಇದನ್ನು ಓದಿದ ದಿನ ನಾನು ಅತ್ತಿದ್ದೆ. ಯಾರಿಗೂ ಹೇಳಿರಲಿಲ್ಲ.

"ನಿಧಿ ಆಸೆಗಾದರೂ ಮಕ್ಕಳು ಇತಿಹಾಸ ಓದ್ತಾರಲ್ಲ" ಅಂದರು ಅತ್ತಿಗೆ. ಓದಲ್ಲ ಅತ್ತಿಗೆ. ನಿಧಿ ಇಲ್ಲ ಅಂದ ತಕ್ಷಣ ಎದ್ದು ಹೋಗ್ತಾರೆ. ನಮ್ಮ ಕಡೆ ಪಾಳುಗುಡಿಯಲ್ಲಿ ಲಿಂಗ ಕಿತ್ತು ಅಗೆಯುವವರನ್ನು ನೋಡಿಲ್ವಾ? ಅವರಿಗೆ ಗುಡಿ ಕಾಣಿಸುತ್ತಾ?

ಬೆಳಗ್ಗೆ ಹುಡುಗನಿಗೆ ಆ ಕೋಟೆಯ ಫೋಟೋ ತೋರಿಸಿದೆ. ಭೂಮಿ ಬಿರುಕಿನ ಮೇಲೇ ಕಟ್ಟಿದ ಗೋಡೆ. 1202ರ ಭೂಕಂಪಕ್ಕೆ 1.6 ಮೀಟರ್ ಸರಿದಿದೆ. 1759ರಲ್ಲಿ ಇನ್ನೂ ಅರ್ಧ ಮೀಟರ್. ಅವನು ಸುಮ್ನೆ ನೋಡಿದ. ಆಮೇಲೆ ನಮ್ಮಪ್ಪನ ಟೇಪ್ ತಂದು, ಹಾಲ್ ನೆಲದ ಮೇಲೆ ಎರಡು ಮೀಟರ್ ಅಳೆದ.