ಸತ್ಯಾಂಶ: ರಕ್ತದ ಡಿಎನ್‌ಎ ನೋಡಿದರೆ ಮಿದುಳಿನ ಕಥೆಯೆಲ್ಲ ತಿಳಿಯುತ್ತದೆಯೇ?

"ದೇಹದ ಎಲ್ಲ ಜೀವಕೋಶಗಳಲ್ಲೂ ಇರುವುದು ಒಂದೇ ಡಿಎನ್‌ಎ. ರಕ್ತ ಪರೀಕ್ಷೆ ಮಾಡಿಸಿದರೆ ಸಾಕು, ನಿಮ್ಮ ಸ್ವಭಾವ, ಮಿದುಳಿನ ಕಾಯಿಲೆ ಎಲ್ಲ ಗೊತ್ತಾಗುತ್ತದೆ" ಅನ್ನೋ ಮೆಸೇಜ್ ಓಡಾಡುತ್ತಿದೆ. ಇದು ಪೂರ್ತಿ ನಿಜವಲ್ಲ.

ನಾವೆಲ್ಲ ಶುರುವಾಗುವುದು ಒಂದೇ ಕೋಶದಿಂದ, ಅದು ಸರಿ. ಆದರೆ ಕೋಶ ಎರಡಾಗುವಾಗಲೆಲ್ಲ ಡಿಎನ್‌ಎ ನಕಲಾಗಬೇಕು, ಅಲ್ವಾ? ಆಗ ಡಿಎನ್‌ಎ ಸಂಕೇತದಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ, ಆ ತಪ್ಪು ಆ ಕೋಶದಿಂದ ಹುಟ್ಟಿದ ಕೋಶಗಳಲ್ಲಿ ಮಾತ್ರ ಇರುತ್ತದೆ. ಆಮೇಲೆ ವಯಸ್ಸಾದಂತೆಯೂ ತಪ್ಪುಗಳು ಸೇರುತ್ತವೆ. ದೊಡ್ಡವರ ಒಂದೊಂದು ನರಕೋಶದಲ್ಲೂ ಇಂಥ ನೂರಾರು ಬದಲಾವಣೆಗಳಿರುತ್ತವೆ. ಜಾಸ್ತಿ ಪಾಲು ಏನೂ ತೊಂದರೆ ಕೊಡುವುದಿಲ್ಲ, ಸುಮ್ನೆ ಗಾಬರಿ ಬೇಡ.

ಕೆಲವು ಮಾತ್ರ ಭಾರಿ ಪೆಟ್ಟು ಕೊಡುತ್ತವೆ. ಹೆಮಿಮೆಗಲೆನ್ಸೆಫಲಿ ಇರುವ ಮಕ್ಕಳಲ್ಲಿ ಮಿದುಳಿನ ಒಂದು ಬದಿ ವಿಪರೀತ ಬೆಳೆದಿರುತ್ತದೆ, ಮೇಲಿಂದ ಮೇಲೆ ಫಿಟ್ಸ್ ಬರುತ್ತದೆ. ಆಪರೇಷನ್‌ನಲ್ಲಿ ತೆಗೆದ ಮಿದುಳಿನ ತುಣುಕನ್ನು ಪರೀಕ್ಷಿಸಿದಾಗ ಕೆಲವು ಮಕ್ಕಳಲ್ಲಿ ಎಕೆಟಿ3 ಎಂಬ ಜೀನ್ ಬದಲಾಗಿದ್ದು ಕಂಡಿತು. ಇದು 2012ರಲ್ಲಿ ಪ್ರಕಟವಾದ ವಿಷಯ. ಆ ಮಕ್ಕಳ ರಕ್ತದಲ್ಲಿ ಹುಡುಕಿದರೆ ಅದು ಸಿಗಲಿಲ್ಲ! ಮಿದುಳಿನ ತುಣುಕಿನಲ್ಲೂ ಒಂದಷ್ಟು ಕೋಶಗಳಲ್ಲಿ ಮಾತ್ರ ಇತ್ತು.

ಆಟಿಸಂ, ಸ್ಕಿಜೋಫ್ರೇನಿಯಾ ಇರುವ ಕೆಲವರಲ್ಲೂ ಇಂಥ ಬದಲಾವಣೆಗಳ ಪಾತ್ರ ಇರಬಹುದು ಎಂಬ ಸುಳಿವಿದೆ. ಆದರೆ ಒಬ್ಬರ ಸ್ವಭಾವವನ್ನು ಇದರಿಂದ ಹೇಳುತ್ತೇವೆ ಅನ್ನುವವರನ್ನು ನಂಬಬೇಡಿ. ಹಾಗಂತ ಡಾಕ್ಟರ್ ಹೇಳಿದ ಜೆನೆಟಿಕ್ ಟೆಸ್ಟನ್ನು ಬಿಡಬೇಡಿ. ತಂದೆತಾಯಿಯಿಂದ ಬಂದ ಬದಲಾವಣೆ ಹುಡುಕಲು ಅದು ನಿಜಕ್ಕೂ ಬೇಕು.